ಒಳಗಿನಿಂದ ಅಂಟಿಸಿದ ಹಾಳೆ

ಎದುವಿನಾಳ ಒಲೆ ಅಂಗಡಿ ನನ್ನ ಅಂಗಡಿಗೆ ಎದುರು.
ನಡುವೆ ಬಂದರಿಗೆ ಜಾರುವ ರಸ್ತೆ,
ಅಷ್ಟೇ ಅಗಲದ ಒಂದು ಹಳೇ ಮುನಿಸು.
ನಾನು ಮೊಳೆ, ತಿರುಪು, ಬಿಜಾಗರಿ ಮಾರುವವನು.
ಅವಳು ಕಬ್ಬಿಣದ ಒಲೆ ರಿಪೇರಿಯವಳು,
ಕೈಗೆ ಮಸಿ, ಮೂಗಿನ ತುದಿಗೂ ಮಸಿ.

ಗಂಡ ಸತ್ತ ವರ್ಷ ಅವಳ ಗಿರಾಕಿ ನಿಂತುಹೋಯಿತು.
ಒಲೆ ಹೆಂಗಸರದ್ದು, ರಿಪೇರಿ ಗಂಡಸರದ್ದು
ಅನ್ನುವ ಊರು ನಮ್ಮ ಕಾಸ್ತ್ರೋ.
ಒಂದು ಗುರುವಾರ
ಲೆಕ್ಕದ ಪುಸ್ತಕದಿಂದ ಹಾಳೆ ಹರಿದು
ಗಾಜಿಗೆ ಒಳಗಿನಿಂದ ಅಂಟಿಸಿದಳು.
ಅಂಗಡಿ ಮಾರಾಟಕ್ಕಿದೆ ಅಂತಲೇ ಇರುತ್ತದೆ ಅಂದುಕೊಂಡು
ರಸ್ತೆ ದಾಟಿ ಹೋಗಿ ಓದಿದೆ, ಸ್ವಲ್ಪ ಖುಷಿಯಲ್ಲೇ:

"ಸೌದೆ ಕೊಳ್ಳುವ ಮುಂಚೆ
ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ.
ಟಣ್ ಅಂದರೆ ಒಣಗಿದೆ.
ದಬ್ ಅಂದರೆ
ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ."

ಅಷ್ಟೇ. ಬೆಲೆಯಿಲ್ಲ, ಬನ್ನಿ ಅನ್ನುವ ಮಾತೂ ಇಲ್ಲ.
ನಕ್ಕೆ.
ಗುಟ್ಟನ್ನು ಬೀದಿಗೆ ಚೆಲ್ಲಿದವಳ
ಗಲ್ಲಾಪೆಟ್ಟಿಗೆಗೆ ಇನ್ನೇನು ಬಿದ್ದೀತು?

ಮುಂದಿನ ಗುರುವಾರ, ಹೊಗೆಕೊಳವೆ ಗುಡಿಸುವ ಬಗೆ.
ಅದರ ಮುಂದಿನದು, ಒಲೆಯ ಬಾಗಿಲಿಗೆ
ಕಾಗದದ ಚೂರು ಸಿಕ್ಕಿಸಿ ಎಳೆಯುವುದು:
ಸಲೀಸಾಗಿ ಬಂದರೆ ಅಂಚಿನ ಹಗ್ಗ ಸವೆದಿದೆ.
ನಾಲ್ಕನೆಯದು ಹೀಗಿತ್ತು:

"ಎರ್ಮೊಸಿನಾ ಅವರ ಒಲೆಯ ತಟ್ಟೆ ಸೀಳಿದ್ದು ನನ್ನ ತಪ್ಪು.
ಆರುವ ಮುಂಚೆಯೇ ತಿರುಪು ಬಿಗಿದೆ.
ಹೊಸ ತಟ್ಟೆ ಹಾಕಿಕೊಟ್ಟಿದ್ದೇನೆ.
ನೀವು ಆರಲು ಬಿಡಿ."

ತಪ್ಪನ್ನು ಗಾಜಿಗೆ ಅಂಟಿಸುವ ವ್ಯಾಪಾರಿಯನ್ನು
ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.
ನಮ್ಮಪ್ಪ ಅದನ್ನು ಗೋಣಿಚೀಲದ ಅಡಿಗೆ ತಳ್ಳುತ್ತಿದ್ದ.
ನಾನೂ.

ಜನ ಕೊಡೆ ಹಿಡಿದು ನಿಂತು ಓದತೊಡಗಿದರು.
ಶಾಲೆಯ ಹುಡುಗರು ಟಣ್ಣು ದಬ್ಬು ಮಾಡಿ ಮಾಡಿ
ಸೌದೆಯವನ ತಲೆ ತಿಂದರು.
ಜೂನ್ ತಿಂಗಳ ಚಳಿಯಲ್ಲಿ ಒಬ್ಬಳು
ಲೆಮುಯ್ ದ್ವೀಪದಿಂದ ದೋಣಿಯಲ್ಲಿ
ಒಲೆಯನ್ನೇ ಹೇರಿಕೊಂಡು ಬಂದಳು.
ಜೇಬಿನಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಇಳಿಸಿಕೊಂಡ ನಕಲು,
ಮಡಿಕೆಯಲ್ಲಿ ಹರಿದದ್ದು, ಮೀನು ವಾಸನೆಯದ್ದು.
"ತಪ್ಪು ಒಪ್ಪಿಕೊಂಡ ಹೆಂಗಸಿನ ಅಂಗಡಿ ಯಾವುದು?"
ನನ್ನನ್ನೇ ಕೇಳಬೇಕೆ!
ಬೆರಳು ತೋರಿಸಿದೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ.
ಇವಳಿಗೆ ಬಾಯಿಯೇ ಇಲ್ಲ,
ಮಾತಾಡಿಸಿದರೆ ಬರೀ ತಲೆಯಾಡಿಸುತ್ತಾಳೆ.

ಆಮೇಲೆ ಬಂತು ನನ್ನ ಸರದಿ.
"ಬಿಜಾಗರಿ ನನ್ನಲ್ಲಿಲ್ಲ. ಎದುರಿನ ನಿಕಾನೋರ್ ಹತ್ತಿರ ಹೋಗಿ.
ಹಿತ್ತಾಳೆಯದ್ದು ಕೇಳಿ.
ತಗಡಿನದ್ದು ತೋರಿಸಿದರೆ
ಇನ್ನೊಂದು ಸಲ ಕೇಳಿ."

ಸಿಟ್ಟು ಬರಬೇಕಿತ್ತು. ಬಂತು ಕೂಡ.
ಆದರೆ ಆ ವಾರ ಮೂವತ್ತೊಂದು ಜೊತೆ ಮಾರಿದೆ,
ಒಂದೂ ತಗಡಿನದ್ದಲ್ಲ.
ಏಳು ವರ್ಷದ ಮೇಲೆ ಅವಳ ಹೊಸ್ತಿಲು ತುಳಿದು ಕೇಳಿದೆ,
ಯಾಕಮ್ಮ ಇದೆಲ್ಲ, ಏನು ಸಿಗುತ್ತೆ?
ಅವಳು ಮಸಿ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು:
"ಗಿರಾಕಿ ಸಿಗುತ್ತೆ.
ಅದು ಬಿಡು.
ಕೆಲಸ ಗೊತ್ತಿದ್ದದ್ದು ಅವನಿಗೆ, ನಾನು ಕೈ ಕೊಡುವವಳು
ಅಂದುಕೊಂಡಿದ್ದೆ ಇಪ್ಪತ್ತೆರಡು ವರ್ಷ.
ಬರೆಯಲು ಕೂತಾಗ ನೋಡಿದರೆ
ಹಾಳೆ ಸಾಲುತ್ತಿಲ್ಲ."

ನಿನ್ನೆ ಬುಧವಾರ. ಅಂಗಡಿ ಮುಚ್ಚಿ ಕೂತೆ.
ಮೂವತ್ತೆಂಟು ವರ್ಷ ಮೊಳೆ ತೂಗಿದ್ದೇನೆ,
ಅದರ ಬಗ್ಗೆ ನನಗೇನು ಗೊತ್ತು?
ತಕ್ಕಡಿಯ ಮುಂದೆ ಮಧ್ಯರಾತ್ರಿ ದಾಟಿತು.
ಕೊನೆಗೆ ಬರೆದೆ:
"ಹಲಗೆ ಸೀಳದಿರಬೇಕಾದರೆ
ಹೊಡೆಯುವ ಮುಂಚೆ ಮೊಳೆಯ ಮೊನೆಯನ್ನು
ಸುತ್ತಿಗೆಯಿಂದ ತಟ್ಟಿ ಮೊಂಡು ಮಾಡಿ."
ಓದಿಕೊಂಡೆ. ಪರವಾಗಿಲ್ಲ ಅನ್ನಿಸಿತು.
ಬಾಗಿಲ ಗಾಜಿಗೆ ಅಂಟಿಸಿ ಮಲಗಿದೆ.

ಹೊರಗಿನಿಂದ ಅಂಟಿಸಿದ್ದೆ, ಪೆದ್ದ.
ಬೆಳಗಾಗುವಷ್ಟರಲ್ಲಿ ಮಳೆ
ಮೊದಲ ಗಿರಾಕಿಯಾಗಿ ಬಂದು ಪೂರ್ತಿ ಓದಿಕೊಂಡು ಹೋಗಿತ್ತು.
ನೀಲಿ ನೀರು ಹೊಸ್ತಿಲವರೆಗೂ ಇಳಿದಿತ್ತು.

ಎದುವಿನಾ ರಸ್ತೆ ದಾಟಿ ಬಂದಳು,
ಬಗ್ಗಿ ನೋಡಿದಳು,
ಮೂಗಿನ ಮಸಿ ಗಾಜಿಗೆ ತಗುಲುವಷ್ಟು ಹತ್ತಿರ.
"ಏನಂತ ಬರೆದಿದ್ದೆ?"